ಒಂದು ಕಾಲರಿಗೆ ಒಂದು ಹೆಸರು

ಮಾರ್ಚ್ ೩, ಸೋಮವಾರ

ಇವತ್ತು ಕಾರ್ಖಾನೆಗೆ ಟೈ ಕಟ್ಟಿಕೊಂಡವನೊಬ್ಬ ಬಂದು ಭಾಷಣ ಮಾಡಿದ. ಹೊಲಿಗೆ ನಿಲ್ಲಿಸಿ ನಮ್ಮನ್ನೆಲ್ಲ ಇಸ್ತ್ರಿ ಮೇಜುಗಳ ನಡುವೆ ನೆಲದ ಮೇಲೆ ಕೂರಿಸಿದರು. ಎಲ್ಲ ಕಡೆ ವ್ಯಾಪಾರ ಬಿದ್ದಿದೆಯಂತೆ. ಅಂಗಡಿಗಳಲ್ಲಿ ಶರ್ಟು ಕೊಳ್ಳುವವರೇ ಇಲ್ಲವಂತೆ. "ಆದರೆ ದುಡಿಯುವ ಕೈಗೆ ಯಾವ ಕಾಲದಲ್ಲೂ ಕೆಲಸ ತಪ್ಪುವುದಿಲ್ಲ. ಕಷ್ಟಕಾಲ ಅನ್ನೋದು ಒಂದು ಜರಡಿ. ಸೋಮಾರಿಗಳು ಉದುರುತ್ತಾರೆ, ದುಡಿಯುವವರು ಉಳೀತಾರೆ" ಅಂದ. ಎಷ್ಟು ಸರಿಯಾದ ಮಾತು! ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಪಕ್ಕದಲ್ಲಿದ್ದ ಗುಬ್ಬಿ ಮಾತ್ರ ನನ್ನ ಕಿವಿಗೆ ಬಾಯಿಟ್ಟು, "ಜರಡಿ ಹಿಡಿದ್ರೆ ಹಿಟ್ಟು ಉದುರುತ್ತೆ, ಹೊಟ್ಟು ಉಳಿಯುತ್ತೆ ಅಲ್ವೇನಕ್ಕ?" ಅಂದಳು. "ಬಾಯಿ ಮುಚ್ಕೊಂಡು ಕೂತ್ಕೋ" ಅಂದೆ. ಅವಳು ಆಳೂ ಗುಬ್ಬಿಯಷ್ಟೇ, ಕೆಲಸವೂ ಗುಬ್ಬಿ ಕಾಳು ಹೆಕ್ಕಿದ ಹಾಗೆ. ಮಾತು ಮಾತ್ರ ಹದ್ದಿನದು.

ಮನೆಗೆ ಬಂದು ಮಂಚದ ಮಹಾರಾಜನಿಗೆ ಭಾಷಣವನ್ನೆಲ್ಲ ಒಪ್ಪಿಸಿದೆ. ಕಿವಿಗೆ ಬೀಳಲಿ, ನಾಟಲಿ ಅಂತಲೇ. ಗಂಡ ಕಬ್ಬಿಣ ಕಡೆಯುತ್ತಿದ್ದ ಲೇತ್ ಕಾರ್ಖಾನೆ ಮುಚ್ಚಿ ಹತ್ತಿರ ಹತ್ತಿರ ವರ್ಷವಾಯಿತು. ಬೆಳಕು ಹರಿಯುವ ಮುಂಚೆ ನಾನು ಹೊರಡುವಾಗ ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ, ದೀಪ ಹಚ್ಚುವ ಹೊತ್ತಿಗೆ ನಾನು ಬಂದಾಗಲೂ ಅದೇ ಗೋಡೆ, ಅದೇ ಬೆನ್ನು. ಇದರ ಮೇಲೆ ದಿನಾ ಒಗೆದ ಶರ್ಟು ಬೇರೆ ಬೇಕು. ತಂತಿಯ ಮೇಲೆ ಒದ್ದೆ ಶರ್ಟು ಇಲ್ಲದ ದಿನವಿಲ್ಲ. ಬಿದ್ದುಕೊಂಡಿರುವವನಿಗೆ ಯಾರನ್ನು ಮೆಚ್ಚಿಸಲಿಕ್ಕೆ ಶರ್ಟು? ಸೋಪು ಕರಗುತ್ತಿದೆ. "ಕೂತು ಉಂಡ್ರೆ ಕುಡಿಕೆ ಹೊನ್ನೂ ಸಾಲದು ಅಂತಾರೆ. ನೀವು ಮಲಗಿ ಉಣ್ತಿದ್ದೀರಲ್ಲ" ಅಂದೆ. ಅವನು ಹೊರಳಿ, "ಆ ಟೈನವನು ಯಾವ ಕೆಲಸ ಮಾಡ್ತಾನಂತೆ?" ಅಂತ ಕೇಳಿದ. ಅಷ್ಟೇ.

ದೇವರೇ, ಗಂಡನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ, ತಪ್ಪಾದರೆ ಕ್ಷಮಿಸು. ಬಾಯಲ್ಲಿ ಬಹುವಚನವೇ ಇದೆ. ಮನಸ್ಸಿನ ಕಸವನ್ನು ಕಾಗದದ ಮೇಲೆ ಗುಡಿಸಿ ಹಾಕಿದರೆ ಪ್ರಾರ್ಥನೆಗೆ ಕೂರುವಾಗ ಹಗುರ ಅಂತ ಹಳ್ಳಿ ಶಾಲೆಯ ಮೇಷ್ಟ್ರು ಹೇಳಿಕೊಟ್ಟಿದ್ದರು. ಗುಡಿಸುತ್ತಿದ್ದೇನೆ.

ಮಾರ್ಚ್ ೫, ಬುಧವಾರ

ಗಡಿಯಾರ ಇವತ್ತು ಬಾಂಬು ಹಾಕಿದ. ಗಡಿಯಾರ ಅಂದರೆ ನಮ್ಮ ಸೂಪರ್‌ವೈಸರು. ಮಾತಾಡುವಾಗಲೂ ಮಣಿಕಟ್ಟನ್ನೇ ನೋಡುತ್ತಾನೆ, ಅದಕ್ಕೆ ಆ ಹೆಸರು.

"ಆರ್ಡರ್ ಕಮ್ಮಿಯಾಗಿದೆ. ಎರಡು ಕಾಲರ್ ಸಾಲು ಸಾಕೋಕಾಗಲ್ಲ. ಈ ಬಟ್ಟೆ ಮುಗಿಯೋ ಹೊತ್ತಿಗೆ ಯಾವ ಸಾಲು ಮುಂದಿರುತ್ತೋ ಅದು ಉಳಿಯುತ್ತೆ. ಇನ್ನೊಂದು ಮನೆಗೆ" ಅಂದ. ಕರಿಹಲಗೆ ತಂದು ನಡುವೆ ಗೀಟು ಎಳೆದು ಕಂಬಕ್ಕೆ ನೇತುಹಾಕಿದ. ಎಡಗಡೆ ನಮ್ಮ ಸಾಲು, ಬಲಗಡೆ ಕಿಟಕಿ ಕಡೆಯ ಸಾಲು. ಸಾಲಿಗೆ ಹನ್ನೆರಡು ಹೆಂಗಸರು. ನಿನ್ನೆಯವರೆಗೂ ಬುತ್ತಿ ಹಂಚಿಕೊಂಡು ತಿನ್ನುತ್ತಿದ್ದವರು. ಇವತ್ತು ಮಧ್ಯಾಹ್ನ ಅವರು ಕಿಟಕಿ ಕಡೆ, ನಾವು ಗೋಡೆ ಕಡೆ.

ನನಗೇನೂ ಭಯವಿಲ್ಲ. ನಮ್ಮ ಸಾಲಿಗೆ ನಾನೇ ಹಿರಿಯಳು, ನನಗೆ ಕೆಲಸಗಳ್ಳತನ ಕಂಡರಾಗದು. ಆದರೆ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತಿದೆ, ಬರೆದುಬಿಡುತ್ತೇನೆ. ಕಾಲರನ್ನು ಒಳಮೈಯಿಂದ ಹೊಲಿದು, ಮೂಲೆ ಕತ್ತರಿಸಿ, ತಿರುಗಿಸಿ, ಬಿದಿರುಕಡ್ಡಿ ತೂರಿ ತುದಿಯನ್ನು ಚೂಪು ಮಾಡಬೇಕು. ಆ ತುದಿಗೆ ನಾವು ಮೂಗು ಅನ್ನುತ್ತೇವೆ. ಮೂಗು ಮೊಂಡಾದರೆ ಶರ್ಟಿಗೆ ಮುಖವೇ ಇಲ್ಲ. ಆ ಮೂಗು ತೆಗೆಯುವಾಗ ಒಂದು ಉಸಿರಿನಷ್ಟು ಕೈ ನಿಲ್ಲಿಸಿ ದೇವರ ಹೆಸರು ಹೇಳುವುದು ನನ್ನ ರೂಢಿ. ಒಂದು ಕಾಲರಿಗೆ ಒಂದು ಹೆಸರು. ಅವ್ವ ಬೀಸುಕಲ್ಲಿನ ಮುಂದೆ ಕೂತಾಗ ಸುತ್ತಿಗೊಂದು ಹೆಸರು ಹೇಳುತ್ತಿದ್ದಳು. ಹೆಸರಿಲ್ಲದೆ ಬೀಸಿದ ಹಿಟ್ಟು ಹೊಟ್ಟೆಗೆ ಹತ್ತುವುದಿಲ್ಲ ಅನ್ನುತ್ತಿದ್ದಳು. ಈ ಸಾಲಿಗೆ ಬಂದಾಗಿನಿಂದ ನಾನು ಹೆಸರಿಲ್ಲದೆ ಒಂದು ಮೂಗನ್ನೂ ತೆಗೆದವಳಲ್ಲ.

ಇವತ್ತಿನಿಂದ ಕಾಲರುಗಳ ಒಂದು ಕಟ್ಟಿಗೆ ಒಂದು ಹೆಸರು ಅಂತ ಮಾಡಿಕೊಂಡಿದ್ದೇನೆ. ದೇವರೇನು ಗಡಿಯಾರನ ಹಾಗೆ ಹಲಗೆ ನೇತುಹಾಕಿಕೊಂಡು ಕೂತಿಲ್ಲವಲ್ಲ. ಮನ್ನಿಸುತ್ತಾನೆ.

ಮಾರ್ಚ್ ೯, ಭಾನುವಾರ

ಅಣ್ಣ ಬಂದಿದ್ದ. ಬಂದವನೇ ಮಂಚದ ಕಡೆ ನೋಡಿ, "ಏನ್ ಭಾವ, ಮಂಚಕ್ಕೆ ಬೇರು ಬಿಟ್ಟಿದ್ದೀರಾ ಹೇಗೆ? ನೀರು ಹಾಕ್ತಿದ್ದಾಳಾ ನನ್ನ ತಂಗಿ?" ಅಂದ. ನನಗೂ ನಗು ಬಂತು. "ದುಡಿಯೋ ಮನಸ್ಸಿದ್ರೆ ಕೆಲಸ ಸಿಕ್ಕೇ ಸಿಗುತ್ತೆ ಅಣ್ಣ, ಮನಸ್ಸು ಬೇಕಲ್ಲ" ಅಂತ ನಾನೂ ಒಗ್ಗರಣೆ ಹಾಕಿದೆ. ಮಹಾರಾಜ ಎದ್ದು ಹೋಗಿ ಹೊಸಲಿನ ಮೇಲೆ ಕೂತ.

ಅಣ್ಣ ಹೋದ ಮೇಲೆ, "ನಂದೊಂದು ಚಪ್ಪಲಿ ತರಬೇಕಿತ್ತು. ಅಡಿ ಸವೆದು ಹೋಗಿದೆ" ಅಂದ. ಮಲಗಿದವನ ಚಪ್ಪಲಿ ಸವೆಯುವುದು ಎಂದಾದರೂ ಕೇಳಿದ್ದೀರಾ? ಮಂಚದ ಕಾಲಿಗೇನಾದರೂ ತೊಡಿಸುತ್ತಾನೋ? ಕೊಡಿಸುವುದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದೆ.

ಆಮೇಲೆ ಪಂದ್ಯದ ಮಾತು ಬಂತು. ನಾವು ಎಷ್ಟು ಮುಂದಿದ್ದೇವೆ ಅಂತ ಹೇಳಿದೆ. ಅವನು ತಲೆ ಕೆರೆದುಕೊಂಡು, "ಹಂಗೆ ಓಡಬೇಡ್ವೇ. ಬಾವೀಲಿ ಇರೋ ನೀರೇ ಅಷ್ಟು. ಹಗ್ಗ ಜೋರಾಗಿ ಸೇದಿದ್ರೆ ನೀರು ಹೆಚ್ಚಾಗಲ್ಲ, ಬೇಗ ತಳ ಕಾಣುತ್ತೆ. ನಮ್ಮ ಲೇತಲ್ಲೂ ಹಿಂಗೇ ಓಡಿಸಿದ್ರು" ಅಂದ.

ಸೋಮಾರಿಯ ಬಾಯಲ್ಲಿ ಗಾದೆಗೇನು ಬರ! ತಟ್ಟೆ ಕುಕ್ಕಿದೆ, ಅದೇ ಉತ್ತರ.

ಮಾರ್ಚ್ ೧೪, ಶುಕ್ರವಾರ

ಕಿಟಕಿ ಸಾಲಿನವರು ನಿನ್ನೆ ನಮ್ಮನ್ನು ಹಿಂದೆ ಹಾಕಿದರು. ಕಾರಣ ಗುಬ್ಬಿ. ಎಲ್ಲರೂ ಎರಡು ಕಟ್ಟು ಮುಗಿಸುವ ಹೊತ್ತಿಗೆ ಅವಳದ್ದು ಒಂದು. ಒಂದು ಮೂಗನ್ನು ಮೂರು ಸಲ ತಿರುಗಿಸಿ ನೋಡುತ್ತಾಳೆ, ಮದುವೆಗೆ ಹೆಣ್ಣು ನೋಡುವವರ ಹಾಗೆ. ಮೈಯೆಲ್ಲ ಉರಿದುಹೋಯಿತು.

"ಏನೇ, ಬೊಂಬೆ ಮಾಡ್ತಿದ್ದೀಯಾ? ನಿನ್ನಿಂದ ಹನ್ನೊಂದು ಮನೆ ಒಲೆ ಆರುತ್ತೆ, ಗೊತ್ತಾ?" ಅಂದೆ.

"ನಂದು ಒಂದೂ ವಾಪಸ್ ಬರಲ್ಲ ಅಕ್ಕ. ನಿಧಾನ ಅಷ್ಟೇ, ತಪ್ಪಿಲ್ಲ."

"ನಿಧಾನವೇ ಈಗ ತಪ್ಪು."

ಮಿಷನ್ನಿನಿಂದ ಎಬ್ಬಿಸಿ ದಾರ ಕತ್ತರಿಸುವ ಕೆಲಸಕ್ಕೆ ಕೂರಿಸಿದೆ. ಹೊಸದಾಗಿ ಕಲಿಯುವವರಿಗೆ ಕೊಡುವ ಕೆಲಸ ಅದು. ಅವಳು ಕತ್ತರಿ ತೆಗೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂತಳು. ಗಂಡ ಸತ್ತವಳು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಾಳೆ, ಎಲ್ಲ ಗೊತ್ತು ನನಗೆ. ಆದರೆ ದಯೆ ತೋರಿಸಿದರೆ ಹಲಗೆಯ ಮೇಲೆ ಅಂಕಿ ಏರುತ್ತದೆಯೇ?

ಗಡಿಯಾರ ಬಂದು, "ಸರಿಯಾಗಿ ಮಾಡಿದ್ರಿ ಅಮ್ಮ. ನಿಮ್ಮಂಥವರು ನಾಲ್ಕು ಜನ ಇದ್ದಿದ್ರೆ ಸಾಕಿತ್ತು" ಅಂದ. ಹೊಗಳಿಕೆ ಕೇಳಿ ಹೊಟ್ಟೆ ತುಂಬಿತು.

ಮಾರ್ಚ್ ೨೦, ಗುರುವಾರ

ಮತ್ತೆ ಮುಂದಿದ್ದೇವೆ. ಭುಜ ಕಿತ್ತು ಬರುತ್ತಿದೆ. ಪ್ರಾರ್ಥನೆಗೆ ಕೂತವಳು ಕೂತಲ್ಲೇ ತೂಕಡಿಸಿದೆ. ಕಟ್ಟಿಗೊಂದು ಹೆಸರೂ ಇವತ್ತು ಆಗಲಿಲ್ಲ. ಸಾಯಂಕಾಲ ಎಲ್ಲ ಸೇರಿಸಿ ಒಂದೇ ಸಲ ಹೇಳಿದೆ.

ಮಹಾರಾಜ ಎಣ್ಣೆ ಬಿಸಿ ಮಾಡಿಕೊಂಡು ಬಂದು ಭುಜಕ್ಕೆ ಹಚ್ಚಲಾ ಅಂದ. ಬೇಡ ಅಂದೆ. ಎಣ್ಣೆಯ ಬಟ್ಟಲು ಪಕ್ಕದಲ್ಲಿಟ್ಟು ಹೋದ.

ಮಾರ್ಚ್ ೨೬, ಬುಧವಾರ

ಬಟ್ಟೆ ತರಲು ಕತ್ತರಿ ಮೇಸ್ತ್ರಿಯ ಹತ್ತಿರ ಹೋಗಿದ್ದೆ. ಅಷ್ಟುದ್ದದ ಮೇಜು ಖಾಲಿ. ಮೇಸ್ತ್ರಿ ಮೇಜಿನ ಮೇಲೆ ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದ.

"ಏನ್ರಮ್ಮ, ಮಿಡತೆಗಳಾ ನೀವು? ಮುಂದಿನ ತಿಂಗಳು ಪೂರ್ತಿ ಬರಬೇಕಾಗಿದ್ದ ಬಟ್ಟೆ ತಿಂದು ಮುಗಿಸಿಬಿಟ್ರಲ್ಲ."

ಎದೆ ಉಬ್ಬಿತು. ನಮ್ಮ ಹೆಂಗಸರಿಗೂ ಬಂದು ಹೇಳಿದೆ, ಎಲ್ಲರೂ ನಕ್ಕೆವು. ಗುಬ್ಬಿ ದಾರ ಕತ್ತರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಗಲಿಲ್ಲ.

ಮಾರ್ಚ್ ೨೯, ಶನಿವಾರ

ಗೆದ್ದೆವು.

ಮಧ್ಯಾಹ್ನ ಕೊನೆಯ ಕಟ್ಟು ಮುಗಿಯಿತು. ಗಡಿಯಾರ ಹಲಗೆಯ ಮೇಲೆ ನಮ್ಮ ಸಾಲಿಗೆ ಸುತ್ತು ಹಾಕಿದ. ಚಪ್ಪಾಳೆ. ಸಾಲಿನ ಪರವಾಗಿ ನನ್ನನ್ನು ಮುಂದೆ ಕರೆದು, ಹೊಳೆಯುವ ಕಾಗದ ಸುತ್ತಿದ ಒಂದು ಗೋಡೆ ಗಡಿಯಾರ ಕೊಟ್ಟರು. ಕಿಟಕಿ ಸಾಲಿನವರು ಬುತ್ತಿ ಡಬ್ಬಿ ಎದೆಗೆ ಅವುಚಿಕೊಂಡು ನಿಂತಿದ್ದರು. ಅವರ ಕಡೆ ನೋಡಲಾಗದೆ ನಾನು ಗಡಿಯಾರದ ಮುಳ್ಳನ್ನೇ ನೋಡುತ್ತಿದ್ದೆ.

ಆಮೇಲೆ ಸೂಪರ್‌ವೈಸರು ಮಣಿಕಟ್ಟು ನೋಡಿಕೊಂಡು ಹೇಳಿದ: "ಸೋಮವಾರದಿಂದ ಎರಡೂ ಸಾಲು ಬರೋದು ಬೇಡ. ಬಟ್ಟೆ ಇಲ್ಲ. ಬಂದಾಗ ಹೇಳಿ ಕಳಿಸ್ತೀವಿ."

ನನಗೇ ಸರಿಯಾಗಿ ಕೇಳಿಸಲಿಲ್ಲ ಅಂದುಕೊಂಡೆ. "ಗೆದ್ದ ಸಾಲು ಉಳಿಯುತ್ತೆ ಅಂದಿದ್ರಲ್ಲ ಸಾರ್?"

"ಉಳಿದಿದೆಯಲ್ಲಮ್ಮ, ಸಾಲು ತೆಗೆದಿಲ್ಲ. ಕೆಲಸ ಇಲ್ಲ ಅಷ್ಟೇ. ಏಪ್ರಿಲ್ ಕೊನೆವರೆಗೆ ನಡೀಬೇಕಿತ್ತು, ನೀವೇ ಬೇಗ ಮುಗಿಸಿಬಿಟ್ರಿ."

ನಾವೇ! ನಾವೇ ಮುಗಿಸಿದೆವಂತೆ! ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿಸಿ, ತೋಡಿದವರನ್ನೇ ಬಾವಿಗೆ ತಳ್ಳಿದ ಹಾಗಾಯಿತು. ಒಂದು ತಿಂಗಳ ಅನ್ನವನ್ನು ನಮ್ಮ ಕೈಯಿಂದಲೇ ನಾವು ಹೊಲಿದು, ಮಡಿಸಿ, ಪೆಟ್ಟಿಗೆಗೆ ತುಂಬಿ ಕಳಿಸಿಕೊಟ್ಟೆವು. ಮೇಲೆ ಚಪ್ಪಾಳೆ ಬೇರೆ.

ಹೊರಗೆ ಬರುವಾಗ ಕಿಟಕಿ ಸಾಲಿನ ಹಿರಿಯಳು, "ಎಷ್ಟು ಗಂಟೆ ಆಯ್ತು ನೋಡಿ ಹೇಳ್ರೀ, ಗೆದ್ದೋರೇ" ಅಂದಳು. ಅವಳ ಜಾಗದಲ್ಲಿ ನಾನಿದ್ದರೆ ಇದಕ್ಕಿಂತ ಕೆಟ್ಟದಾಗಿ ಅನ್ನುತ್ತಿದ್ದೆ.

ಮಾರ್ಚ್ ೩೧, ಸೋಮವಾರ

ಎದ್ದು ಹೊರಡಲು ಎಲ್ಲಿಯೂ ಇಲ್ಲದ ಬೆಳಗು ಎಷ್ಟು ಉದ್ದ! ಮನೆ ಗುಡಿಸಿದೆ, ಮತ್ತೆ ಗುಡಿಸಿದೆ. ಗೋಡೆಯ ಮೇಲೆ ಆ ಬಹುಮಾನ ಟಿಕ್ ಟಿಕ್ ಅಂತ ಹಲ್ಲು ಕಡಿಯುತ್ತಿತ್ತು.

ಎಂಟರ ಹೊತ್ತಿಗೆ ಮಹಾರಾಜ ಎದ್ದ. ಮುಖ ತೊಳೆದ. ತಂತಿಯ ಮೇಲಿದ್ದ ಒಗೆದ ಶರ್ಟು ತೆಗೆದು ಹಾಕಿಕೊಂಡ. ತಲೆ ಬಾಚಿದ. ನನ್ನ ಮುಂದೆ ಹಾಯುವಾಗ ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗೆ ನಿಂತ.

"ಎಲ್ಲಿಗೆ?" ಅಂದೆ.

"ದಿನಾ ಹೋಗೋ ಕಡೆಗೆ."

"ದಿನಾ?"

"ಲೇತ್ ಶೆಡ್ಡುಗಳು ಬಾಗಿಲು ತೆಗೆಯೋದೇ ಒಂಬತ್ತಕ್ಕೆ. ರೈಲು ಹಳಿ ಆ ಕಡೆ ಒಂದಷ್ಟಿವೆ, ಸೇತುವೆ ದಾಟಿದ್ರೆ ಇನ್ನೊಂದಷ್ಟು. ಒಂದು ಸುತ್ತು ಕೆಲಸ ಕೇಳ್ಕೊಂಡು ಬಂದು, ಶರ್ಟು ಒಗೆದು ಹಾಕಿ ಮಲಗ್ತೀನಿ. ನೀನು ಬರೋ ಹೊತ್ತಿಗೆ ಕಾಲು ನೋವು ಸ್ವಲ್ಪ ಇಳಿದಿರುತ್ತೆ."

ನಾನು ಕಸಬರಿಗೆ ಕೆಳಗಿಟ್ಟೆ. "ಇಷ್ಟು ದಿನ ಯಾಕೆ ಹೇಳಲಿಲ್ಲ?"

ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಾ, ನೆಲ ನೋಡುತ್ತಾ ಹೇಳಿದರು: "ಹೋಗಿ ಬೇಡ ಅನ್ನಿಸ್ಕೊಂಡು ಬಂದೆ ಅಂತ ದಿನಾ ಹೇಳೋದಕ್ಕಿಂತ, ಸೋಮಾರಿ, ಬಿದ್ದುಕೊಂಡಿದ್ದಾನೆ ಅಂತ ನೀನು ಬೈಯೋದೇ ಮೇಲು ಅನ್ನಿಸ್ತು."

ಅವರು ಹೊರಟುಹೋದರು. ಎಂಥ ಕಾಲ ತಂದೆಯಪ್ಪಾ ಸ್ವಾಮಿ! ಮೂವತ್ತು ವರ್ಷ ಕಬ್ಬಿಣ ಕಡೆದ ಕೈಗೆ, ಬೇಡದವನು ಅನ್ನಿಸಿಕೊಳ್ಳುವುದಕ್ಕಿಂತ ಸೋಮಾರಿ ಅನ್ನಿಸಿಕೊಳ್ಳುವುದು ಸುಖವಾಗುವ ಕಾಲ. ಅಂಥ ಕೈಯ ಮನುಷ್ಯನನ್ನು ಸೋಮಾರಿ ಅಂದವರ ಬಾಯಿಗೆ ಏನು ಹೇಳುವುದು? ಅಣ್ಣನ ಬಾಯಿಗಂತೂ ಬೀಗ ಹಾಕಬೇಕು.

ಗೋಡೆ ಗಡಿಯಾರದ ಸೆಲ್ಲು ಕಿತ್ತು ಟಾರ್ಚಿಗೆ ಹಾಕಿದೆ.

ಏಪ್ರಿಲ್ ೭, ಸೋಮವಾರ

ನಾನೂ ಹೊರಟೆ. ಟೈಲರ್ ಅಂಗಡಿ, ಪರದೆ ಹೊಲಿಯುವವರು, ಆಸ್ಪತ್ರೆಗೆ ದಿಂಬಿನ ಚೀಲ ಹೊಲಿಯುವ ಕೋಣೆ, ಎಲ್ಲ ಸುತ್ತಿದೆ. ಒಬ್ಬ ಟೈಲರ್ ತನ್ನ ಮಿಷನ್ನಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ. ಎಬ್ಬಿಸಿದರೆ, "ಹೊಲಿಸೋಕೆ ಬಂದ್ರಾ?" ಅಂತ ಆಸೆಯಿಂದ ಎದ್ದ. ಹೊಲಿಯಲು ಬಂದವಳು ಅಂದಾಗ ಮತ್ತೆ ತಲೆಯಿಟ್ಟ.

ಸಾಯಂಕಾಲ ಅಣ್ಣ ಬಂದ. ವಿಷಯ ತಿಳಿದು, ಕುರ್ಚಿಗೆ ಒರಗಿ, ಹೇಳುತ್ತಾನೆ: "ನೋಡು ತಂಗಿ, ದುಡಿಯೋ ಮನಸ್ಸಿದ್ರೆ ಕೆಲಸ ಸಿಕ್ಕೇ ಸಿಗುತ್ತೆ."

ನನಗೆ ಬಂದ ಸಿಟ್ಟು ದೇವರಿಗೇ ಗೊತ್ತು. ಎಂಥ ಮಾತು! ಯಾವ ಕಲ್ಲೆದೆಯಿಂದ ಬರುತ್ತದೆ ಇಂಥ ಮಾತು? ಬೀದಿ ಬೀದಿ ಸುತ್ತಿ ಬಂದವರ ಮುಖ ನೋಡಿಕೊಂಡು ಹೀಗೆ ಆಡಲು ನಾಲಿಗೆ ಹೇಗೆ ಏಳುತ್ತದೆ? "ಮನಸ್ಸು ಇದೆಯಣ್ಣ, ಎರಡೆರಡು ಇದೆ ಈ ಮನೇಲಿ. ನಿನ್ನ ಹತ್ರ ಕೆಲಸ ಇದ್ರೆ ಕೊಡು, ಇಲ್ದಿದ್ರೆ ಚಹಾ ಕುಡಿದು ಎದ್ದು ಹೋಗು" ಅಂದೆ. ಅವನು ಹೋದ, ಚಹಾ ಕುಡಿಯದೆ.

ಇವರು ಯಾಕೋ ಮುಸಿಮುಸಿ ನಕ್ಕರು. ನಗುವಂಥದ್ದು ಏನಿತ್ತೋ ನನಗಂತೂ ತಿಳಿಯಲಿಲ್ಲ.

ಇವರ ಕಾಲಿಗೆ ಎಣ್ಣೆ ಹಚ್ಚಿದೆ. ಹಿಮ್ಮಡಿ ಒಡೆದು ಗೆರೆ ಬಿದ್ದಿದೆ. ಚಪ್ಪಲಿಯ ಅಡಿಗೆ ರಟ್ಟು ಕತ್ತರಿಸಿ ಇಟ್ಟುಕೊಂಡಿದ್ದಾರೆ.

ಏಪ್ರಿಲ್ ೧೩, ಭಾನುವಾರ

ಗಡಿಯಾರ ಮನೆಗೇ ಬಂದ. ಕೂರಲೂ ಇಲ್ಲ. ಹೊಸ ಆರ್ಡರ್ ಬಂದಿದೆಯಂತೆ, ಮುಂದಿನ ವಾರದ ಸೋಮವಾರ ಶುರು, ಮೇ ಎರಡನೇ ವಾರಕ್ಕೆ ಪೆಟ್ಟಿಗೆಗಳು ಹಡಗಿಗೆ ಹೋಗಲೇಬೇಕಂತೆ.

"ನೀವು ಬನ್ನಿ ಅಮ್ಮ. ನಿಮ್ಮಂಥವರೇ ಇನ್ನೂ ಐದು ಜನ. ಪಟ್ಟಿ ನಾನು ಮಾಡಿದ್ದೀನಿ."

"ಒಟ್ಟು ಆರು? ಕಾಲರಿಗೆ ಇಪ್ಪತ್ತನಾಲ್ಕು ಜನ ಇದ್ವಲ್ಲ ಸಾರ್?"

"ಇದು ಅರ್ಧ ಆರ್ಡರ್ ಅಮ್ಮ."

"ಹಾಗಾದ್ರೆ ಹನ್ನೆರಡು."

"ಅದು ಹಳೇ ಲೆಕ್ಕ. ಮಾರ್ಚಲ್ಲಿ ಒಂದೊಂದು ಕೈ ಎರಡು ಕೈ ಕೆಲಸ ಮಾಡುತ್ತೆ ಅಂತ ನೀವೇ ತೋರಿಸಿಕೊಟ್ರಲ್ಲ. ಮಾಲೀಕರು ಅದನ್ನೇ ಹಿಡ್ಕೊಂಡಿದ್ದಾರೆ."

ಮತ್ತೆ ನಾವೇ! ಕೈ ಕೆಸರಾದರೆ ಬಾಯಿ ಮೊಸರು ಅಂತ ಶಾಲೆಯ ಗೋಡೆಯ ಮೇಲೆ ಬರೆದಿತ್ತು. ಕೈಯೇನೋ ಕೆಸರಾಯಿತು. ಆದರೆ ಯಾರ ಕೈ, ಯಾರ ಬಾಯಿ ಅಂತ ಆ ಗೋಡೆ ಹೇಳಲೇ ಇಲ್ಲ.

"ಗುಬ್ಬಿ?" ಅಂತ ಕೇಳಿದೆ.

"ಅವಳನ್ನ ನೀವೇ ಎಬ್ಬಿಸಿ ದಾರಕ್ಕೆ ಹಾಕಿದ್ರಲ್ಲಮ್ಮ" ಅಂದ. ಬಾಗಿಲಲ್ಲಿ ತಿರುಗಿ, ಮೆಲ್ಲಗೆ, "ನನಗೂ ಮನೆ ಇದೆ ಅಮ್ಮ. ಹಡಗು ತಪ್ಪಿದ್ರೆ ಮೊದಲು ಹೋಗೋನು ನಾನು" ಅಂದ. ಅವನ ಮೇಲೂ ಸರಿಯಾಗಿ ಸಿಟ್ಟು ಮಾಡಿಕೊಳ್ಳಲು ಬಿಡುವುದಿಲ್ಲ ಈ ಜನ.

ಮಧ್ಯಾಹ್ನ ಗುಬ್ಬಿಯ ಕೋಣೆಗೆ ಹೋದೆ. ಅತ್ತೆಗೆ ಉಣಿಸಿ ಬಾಯಿ ಒರೆಸುತ್ತಿದ್ದಳು. ಕಿಟಕಿಯ ಬಳಿ ಒಂದು ಹಳೆಯ ಶರ್ಟು, ಕಾಲರ್ ಬಿಚ್ಚಿ, ಸವೆದ ಮೈ ಒಳಗಾಗುವ ಹಾಗೆ ತಿರುಗಿಸಿ ಹೊಲಿದಿದ್ದಳು. ಪಕ್ಕದ ಮನೆಯವರದಂತೆ. ಮೂಗು ನೋಡಿದೆ. ಮುಟ್ಟಿದರೆ ಬೆರಳಿಗೆ ಚುಚ್ಚಬೇಕು, ಅಷ್ಟು ಚೂಪು. ಇಂಥ ಕೈಯನ್ನು ದಾರ ಕತ್ತರಿಸಲು ಕೂರಿಸಿದ್ದರು. ಕೂರಿಸಿದ್ದೆ.

"ಕರೆದಿದ್ದಾರಂತಲ್ಲ ಅಕ್ಕ. ಹೋಗಿ. ಒಂದು ಮನೆ ಒಲೆಯಾದ್ರೂ ಉರೀಲಿ" ಅಂದಳು. ಚಹಾಕ್ಕೆ ನೀರಿಟ್ಟಳು. ಸಕ್ಕರೆ ಡಬ್ಬಿ ಕೆರೆಯುವ ಸದ್ದು ಕೇಳಿ, ನನಗೆ ಸಕ್ಕರೆ ಆಗದು ಅಂತ ಸುಳ್ಳು ಹೇಳಿದೆ.

ದೇವರ ಮುಂದೆ ಕೂತು ಕೇಳಿದೆ. ಹೋಗಲೋ ಬೇಡವೋ? ಉತ್ತರ ಬರಲಿಲ್ಲ. ಎಷ್ಟೋ ದಿನದಿಂದ ನಾನೂ ಅವನ ಹೆಸರು ಸರಿಯಾಗಿ ಹೇಳಿಲ್ಲ, ಅವನು ಯಾಕೆ ಓಗೊಡಬೇಕು?

ಏಪ್ರಿಲ್ ೨೧, ಸೋಮವಾರ

ಹೋದೆ. ಅಷ್ಟುದ್ದದ ಕೋಣೆಯಲ್ಲಿ ಆರು ಮಿಷನ್ನು ತೆರೆದಿದ್ದವು, ಮಿಕ್ಕವಕ್ಕೆ ಹೊದಿಕೆ. ಹೆಣ ಮುಚ್ಚಿದ ಹಾಗಿತ್ತು. ಕಿಟಕಿ ಸಾಲಿನ ಹಿರಿಯಳೂ ಆರರಲ್ಲಿ ಒಬ್ಬಳು, ನನ್ನ ಪಕ್ಕದಲ್ಲೇ ಅವಳ ಜಾಗ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಮೊದಲ ಕಾಲರಿನ ಮೂಗು ತೆಗೆಯುವಾಗ ನನ್ನ ಕೈ ತಾನಾಗಿ ನಿಂತಿತು. ಹೆಸರು ಹೇಳಿದೆ. ಎರಡನೆಯದಕ್ಕೂ ಹೇಳಿದೆ. ಒಂದು ಕಾಲರಿಗೆ ಒಂದು ಹೆಸರು, ಮುಂಚಿನ ಹಾಗೆ. ಒಂದು ಉಸಿರು ಎಳೆದು, ಬಿಟ್ಟು, ಮುಂದಿನದು.

ಪಕ್ಕದವಳು ಸ್ವಲ್ಪ ಹೊತ್ತು ನೋಡಿದಳು. "ಏನದು ಮಣಮಣ?"

"ದೇವರ ಹೆಸರು."

"ಅದಕ್ಕೆ ಕೈ ಯಾಕೆ ನಿಲ್ಲುತ್ತೆ?"

"ಎರಡೂ ಒಟ್ಟಿಗೆ ಮಾಡಿದ್ರೆ ಎರಡೂ ಮೊಂಡಾಗುತ್ತೆ."

ಅವಳು ಹೊದಿಕೆ ಹಾಕಿದ ಮಿಷನ್ನುಗಳ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ, "ನಿಮ್ಮ ದೇವರು ನನಗೆ ಗೊತ್ತಿಲ್ಲಮ್ಮ. ನಂದು ನಾನು ಹೇಳ್ಕೋತೀನಿ" ಅಂತ ಅವಳೂ ಶುರು ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಆರೂ ಜನರ ತುಟಿ ಆಡುತ್ತಿತ್ತು. ದೇವರೇ ಇಲ್ಲ ಅನ್ನುವ ಕೊನೆಯ ಮಿಷನ್ನಿನವಳು ತನ್ನ ಸತ್ತ ಅವ್ವನ ಹೆಸರು ಹೇಳುತ್ತಿದ್ದಳಂತೆ.

ಇದು ಕೆಲಸಗಳ್ಳತನವೇ? ಮನೆಗೆ ಬರುವ ದಾರಿಯುದ್ದಕ್ಕೂ ಕೇಳಿಕೊಂಡೆ. ಅಲ್ಲ. ಇಷ್ಟು ವರ್ಷ ನಾನು ದುಡಿದದ್ದು ಇದೇ ನಡಿಗೆಯಲ್ಲಿ, ಆಗ ಯಾರೂ ನನ್ನನ್ನು ಸೋಮಾರಿ ಅಂದಿರಲಿಲ್ಲ. ಮಾರ್ಚಿನಲ್ಲಿ ಮಾಡಿದ್ದು ದುಡಿಮೆಯಲ್ಲ, ಹೆದರಿ ಓಡಿದ್ದು. ಆ ಓಟವನ್ನೇ ನಮ್ಮ ನಡಿಗೆ ಅಂತ ಬರೆದುಕೊಂಡವರು ಮಾಲೀಕರು.

ಏಪ್ರಿಲ್ ೨೪, ಗುರುವಾರ

ಗಡಿಯಾರ ಮೂರು ದಿನದಿಂದ ನಮ್ಮ ಸುತ್ತಲೇ ಸುತ್ತುತ್ತಿದ್ದಾನೆ, ಮುಳ್ಳಿನ ಹಾಗೆಯೇ. ಇವತ್ತು ತಡೆಯಲಾರದೆ ಬಂದ.

"ಏನಮ್ಮ ಇದು, ಮಾರ್ಚಿನ ಅರ್ಧವೂ ಆಗ್ತಿಲ್ಲ! ಏನು ಪ್ರಾರ್ಥನೆ ಮಾಡ್ತಿದ್ದೀರಾ, ಕೆಲಸ ಮಾಡ್ತಿದ್ದೀರಾ?"

"ಎರಡೂ ಸಾರ್."

"ಮನಸ್ಸಲ್ಲೇ ಹೇಳ್ಕೊಳ್ಳಿ ನಿಮ್ಮ ಹೆಸರು!"

"ಮನಸ್ಸಲ್ಲೇ ಹೇಳ್ತಿದ್ದೀವಿ ಸಾರ್. ಕೈ ಅಷ್ಟೇ ಕಾಯುತ್ತೆ."

"ದೇವರು ಆರ್ಡರ್ ಕೊಟ್ಟಿದ್ದಾನಾ ನಿಮಗೆ?"

"ಟೈ ಕಟ್ಕೊಂಡು ಬಂದವರು ಹೇಳಿದ್ರಲ್ಲ ಸಾರ್, ಕೆಲಸವೇ ಪೂಜೆ ಇದ್ದ ಹಾಗೆ ಅಂತ. ಅವರ ಮಾತು ಮೀರೋದು ಹೇಗೆ?" ಅಂದಳು ಕಿಟಕಿ ಸಾಲಿನ ಹಿರಿಯಳು. ಅವನು ಹಾಗೆ ಹೇಳಿದ್ದನೋ ಇಲ್ಲವೋ ನನಗೆ ನೆನಪಿಲ್ಲ. ಹೇಳಿಯೇ ಇರುತ್ತಾನೆ, ಅವರಿಗೆ ಇರುವುದೇ ನಾಲ್ಕು ಮಾತು.

ಒಂದು ಕಾಲರನ್ನೂ ವಾಪಸ್ ಕಳಿಸಲು ಅವನಿಗೆ ಆಗಲಿಲ್ಲ. ಮೂಗುಗಳನ್ನು ಬೆಳಕಿಗೆ ಹಿಡಿದು ನೋಡಿದ. ಇಟ್ಟು ಹೋದ.

ಮಾಲೀಕರು ಆರೂ ಜನರನ್ನು ಕಳಿಸಿ ಬೇರೆಯವರನ್ನು ಕರೆಸಬಹುದು. ಗೊತ್ತು. ಮನೆಯಲ್ಲಿ ಇವರಿಗೆ ಹೇಳಿದೆ. "ಕರೆಸ್ಲಿ ಬಿಡು. ನಾಳೆಯಿಂದ ನಾವಿಬ್ರೂ ಒಟ್ಟಿಗೆ ಸುತ್ತೋಣ. ದಾರೀಲಿ ಮಾತಾಡೋಕೆ ಜೊತೆಯಾಗುತ್ತೆ" ಅಂದರು. ಹೆದರಿಕೆಯಲ್ಲೂ ನಗು ಬಂತು.

ಏಪ್ರಿಲ್ ೨೬, ಶನಿವಾರ

ಮಾಲೀಕರೇ ಬಂದರು. ನಿಂತುಕೊಂಡೇ ಕೇಳಿದರು: "ಹಡಗಿನ ತಾರೀಕಿಗೆ ಮುಗಿಯುತ್ತಾ, ಇಲ್ವಾ?"

ಎದ್ದು ನಿಂತೆ. "ಮುಗಿಯುತ್ತೆ ಧಣಿ, ಹನ್ನೆರಡು ಜನ ಆದ್ರೆ."

"ಮಾರ್ಚಲ್ಲಿ ಹೇಗಾಯ್ತು?"

"ಆ ಮಾರ್ಚಿಂದಲೇ ನಮಗೆ ಏಪ್ರಿಲ್ ಇಲ್ದೇ ಹೋಯ್ತು ಧಣಿ. ಇನ್ನೊಂದು ಸಲ ಹಾಗೆ ಆಗಲ್ಲ."

ನನ್ನ ಹಿಂದೆ ಐದು ಮಿಷನ್ನುಗಳು ಒಂದೊಂದಾಗಿ ನಿಂತವು. ಮಾಲೀಕರು ನಮ್ಮನ್ನು ನೋಡಿದರು, ಪೆಟ್ಟಿಗೆಗಳನ್ನು ನೋಡಿದರು, ಗಡಿಯಾರನನ್ನು ನೋಡಿದರು. ಗಡಿಯಾರ ಮೊದಲ ಸಲ ಮಣಿಕಟ್ಟು ನೋಡದೆ, "ಹೊಸಬರನ್ನ ಕೂರಿಸಿದ್ರೆ ಮೂಗು ಕೆಡುತ್ತೆ ಸಾರ್. ಮಾಲು ವಾಪಸ್ ಬರುತ್ತೆ" ಅಂದ. ಪಾಪ, ಹೇಳಿಬಿಟ್ಟ.

"ಇನ್ನೂ ನಾಲ್ಕು ಜನ. ಈ ಆರ್ಡರ್ ಮುಗಿಯೋವರೆಗೆ ಮಾತ್ರ" ಅಂತ ಮಾಲೀಕರು ಹೊರಟುಹೋದರು.

ಹನ್ನೆರಡು ಕೇಳಿದ್ದಕ್ಕೆ ಹತ್ತು. ಇಪ್ಪತ್ತನಾಲ್ಕರಲ್ಲಿ ಹದಿನಾಲ್ಕು ಜನ ಇನ್ನೂ ಹೊರಗೇ. ಮೇ ಆದ ಮೇಲೆ ಏನೋ, ದೇವರಿಗೂ ಆ ಮಾಲೀಕರಿಗೂ ಗೊತ್ತು. ಸಿಟ್ಟು ಇಳಿದಿಲ್ಲ, ಇಳಿಸುವುದೂ ಇಲ್ಲ. ಆದರೂ ಸೀದಾ ಗುಬ್ಬಿಯ ಕೋಣೆಗೆ ಹೋಗಿ, "ಸೋಮವಾರ ಬಾರೇ. ಮಿಷನ್ನಿಗೆ. ನನ್ನ ಪಕ್ಕಕ್ಕೆ" ಅಂದೆ. ಅವಳು, "ನಾನು ನಿಧಾನ ಅಕ್ಕ" ಅಂದಳು. "ನಿನ್ನಷ್ಟು ನಿಧಾನ ನಮಗೆ ಬರಲ್ವಲ್ಲ, ಬಂದು ಕಲಿಸು" ಅಂದೆ.

ಮನೆಗೆ ಬಂದಾಗ ಅಣ್ಣ ಬಾಗಿಲಲ್ಲೇ ಇದ್ದ. ಅವತ್ತಿನ ಮುನಿಸು ಮರೆತು, ಒಂದು ಚೀಲದಲ್ಲಿ ಈರುಳ್ಳಿ ತಂದಿದ್ದ. ಇವರು ಆಗ ತಾನೇ ಸೇತುವೆ ಆಚೆಯಿಂದ ಬಂದು, ಇವತ್ತೂ ಬರಿಗೈಯಲ್ಲಿ, ಶರ್ಟು ಒಗೆದು ತಂತಿಗೆ ಹಾಕಿ ಮಂಚದ ಮೇಲೆ ಒರಗಿದ್ದರು. ನಿದ್ದೆ ಹತ್ತಿತ್ತು. ಅಣ್ಣ ಒಳಗೆ ಇಣುಕಿ, ತನ್ನ ಎಂದಿನ ದೊಡ್ಡ ಗಂಟಲಲ್ಲಿ, "ಏನು, ಭಾವ ಆಗಲೇ..." ಅಂತ ಶುರು ಮಾಡಿದ.

"ಶ್! ಮೆತ್ತಗೆ ಮಾತಾಡು. ದಣಿದು ಬಂದು ಮಲಗಿದ್ದಾರೆ" ಅಂದೆ.

ಅಣ್ಣ ನನ್ನ ಮುಖವನ್ನೇ ನೋಡುತ್ತಾ ನಿಂತುಬಿಟ್ಟ, ನಾನೇನೋ ಹೊಸ ಭಾಷೆ ಆಡಿದ ಹಾಗೆ. ಅದರಲ್ಲಿ ಅಷ್ಟು ನೋಡುವಂಥದ್ದು ಏನಿದೆಯೋ. ದಣಿದವರನ್ನು ದಣಿದವರು ಅನ್ನದೆ ಇನ್ನೇನು ಅನ್ನಬೇಕು?